ಯಾವ ಊರಿನ ಊಟ ಮೇಲು? ಊರುಗಳ ಹೋಟೆಲ್‌ಗಳನ್ನು ಹೋಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರವಾಸ ಮುಗಿಸಿ ಬಂದವರು ಫೋಟೊ ತೋರಿಸುವುದಕ್ಕೂ ಮೊದಲು ಊಟದ ಮಾತೆತ್ತುತ್ತಾರೆ. ಹೋಲಿಕೆ ಅಲ್ಲಿಂದಲೇ ಶುರು. ಆ ಊರಿನಲ್ಲಿ ಎಂಥ ಊಟ, ಈ ಊರಿನಲ್ಲಿ ಏನೂ ಇಲ್ಲ ಅಂತ. ಈ ಜಗಳ ನನಗೂ ಇಷ್ಟ. ಜಗಳಕ್ಕೆ ಒಂದಿಷ್ಟು ಸರಕು ಇರಲಿ ಅಂತ ಈ ಪ್ರಶ್ನೋತ್ತರ.

ಸುತ್ತಿ ಬಳಸದೆ ಹೇಳಿ, ಜಗತ್ತಿನಲ್ಲಿ ಯಾವ ಊರಿನ ಊಟ ಎಲ್ಲಕ್ಕಿಂತ ಚೆನ್ನ?

ನನ್ನ ಓಟು ಟೋಕಿಯೊಗೆ. ಆದರೆ ಈ ಉತ್ತರದಿಂದ ನಿಮಗೆ ಏನೂ ಉಪಯೋಗವಿಲ್ಲ. ನೀವು ರಾತ್ರಿ ಏಳಕ್ಕೇ ಊಟ ಮುಗಿಸುವವರಾ, ಹತ್ತಕ್ಕೆ ಕೂರುವವರಾ? ಮೀನು ತಿನ್ನುತ್ತೀರಾ? ಒಬ್ಬರೇ ಕೌಂಟರ್ ಮುಂದೆ ಕೂತು ಹತ್ತು ನಿಮಿಷದಲ್ಲಿ ಎದ್ದು ಬರಬೇಕಾ, ಎಂಟು ಜನ ಸೇರಿ ಹರಟುತ್ತಾ ಎರಡು ಗಂಟೆ ಕಳೆಯಬೇಕಾ? ಒಂಟಿಯಾಗಿ ತಿನ್ನುವವರಿಗೆ ಟೋಕಿಯೊದಂಥ ಊರಿಲ್ಲ. ಅದೇ ಊರು ದೊಡ್ಡ ಗುಂಪಿಗೆ ತಲೆನೋವು. ಎಷ್ಟೋ ಅಂಗಡಿಗಳಲ್ಲಿ ಇರುವುದೇ ಎಂಟು ಕುರ್ಚಿ. ಗುಂಪು ಕಟ್ಟಿಕೊಂಡು ಹೋಗುವುದಾದರೆ ನಾನು ಹಾಂಗ್‌ಕಾಂಗ್‌ನ ದುಂಡು ಮೇಜನ್ನೋ, ಇಸ್ತಾಂಬುಲ್‌ನಲ್ಲಿ ಮೆಜೆ ಎಂಬ ಸಣ್ಣ ಸಣ್ಣ ತಿನಿಸುಗಳ ತಟ್ಟೆಗಳು ತುಂಬಿದ ಉದ್ದ ಮೇಜನ್ನೋ ಆರಿಸುತ್ತೇನೆ.

ಹಾಗಾದರೆ ಅಳತೆಗೋಲು ಯಾವುದು?

ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಮಂಗಳವಾರ ಮಧ್ಯಾಹ್ನ.

ಹಬ್ಬವಲ್ಲ, ವಾರಾಂತ್ಯವಲ್ಲ, ಯಾರದೋ ಹುಟ್ಟುಹಬ್ಬವೂ ಅಲ್ಲ. ಆ ಊರಿನ ಬಸ್ ಡ್ರೈವರ್, ಬ್ಯಾಂಕಿನ ಗುಮಾಸ್ತೆ, ಅಂಗಡಿ ಹುಡುಗ ಅವತ್ತು ಸುಮಾರು ಒಂದು ಗಂಟೆಯ ಬಿಡುವಿನಲ್ಲಿ, ಒಂದು ಗಂಟೆಯ ದುಡಿಮೆಗೆ ಮೀರದ ಹಣದಲ್ಲಿ ಏನು ತಿನ್ನುತ್ತಾರೆ? ಇದೇ ನನ್ನ ಪ್ರಶ್ನೆ. ದುಬಾರಿ ಹೋಟೆಲ್‌ಗಳನ್ನು ಹೋಲಿಸಿ ಏನೂ ತಿಳಿಯುವುದಿಲ್ಲ. ದುಡ್ಡಿರುವ ಕಡೆ ಒಳ್ಳೆಯ ಅಡುಗೆಯವರು ಬಂದೇ ಬರುತ್ತಾರೆ. ದುಬೈನಲ್ಲಿ ಕೊಡುವ ಟ್ರಫಲ್ ಎಂಬ ದುಬಾರಿ ಅಣಬೆ ಪ್ಯಾರಿಸ್‌ನಲ್ಲೂ ಅದೇ ಟ್ರಫಲ್.

ಮಂಗಳವಾರ ಮಧ್ಯಾಹ್ನಕ್ಕೆ ಒಂದೊಂದು ಊರಿನ ಉತ್ತರ ಒಂದೊಂದು. ಮ್ಯಾಡ್ರಿಡ್‌ನಲ್ಲಿ 'ಮೆನು ದೆಲ್ ದಿಯಾ'. ಮೊದಲೊಂದು ತಟ್ಟೆ, ಆಮೇಲೊಂದು ತಟ್ಟೆ, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಸೇರಿ ಒಂದೇ ದರ. 1960ರ ದಶಕದಲ್ಲಿ ಅಲ್ಲಿನ ಸರ್ಕಾರ ಪ್ರವಾಸಿಗರಿಗೆಂದು ತಂದ ನಿಯಮದಿಂದ ಹುಟ್ಟಿದ ಪದ್ಧತಿ ಇದು. ಈಗ ಅದನ್ನು ಉಳಿಸಿಕೊಂಡಿರುವವರು ಊರಿನ ಕೆಲಸಗಾರರು. ಇಸ್ತಾಂಬುಲ್‌ನಲ್ಲಿ 'ಎಸ್ನಾಫ್ ಲೊಕಾಂತಾಸಿ', ಅಂದರೆ ಕಸುಬುದಾರರ ಊಟದ ಮನೆ. ಬೆಳಿಗ್ಗೆ ಮಾಡಿಟ್ಟ ಹತ್ತಾರು ಬಗೆ ಗಾಜಿನ ಹಿಂದೆ ಕಾಣುತ್ತವೆ. ಬೆರಳು ತೋರಿಸಿದರೆ ಬಡಿಸುತ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಪಾತ್ರೆಗಳ ತಳ ಕಾಣುತ್ತದೆ. ಟೋಕಿಯೊದಲ್ಲಿ 'ತೇಶೊಕು': ಅನ್ನ, ಮಿಸೊ ಸಾರು, ಉಪ್ಪಿನಕಾಯಿ, ಜೊತೆಗೆ ಒಂದು ಮುಖ್ಯ ಪದಾರ್ಥ. ಮೆಕ್ಸಿಕೊ ಸಿಟಿಯಲ್ಲಿ 'ಕೊಮಿದಾ ಕೊರಿದಾ', ಇದೂ ಹಾಗೇ ಒಂದರ ಹಿಂದೊಂದು ಬರುವ ಊಟ. ಇಂಥ ಊಟ ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕು ಕಡೆ ಸಿಗುತ್ತದಾ? ಸಿಕ್ಕರೆ ಆ ಊರಿಗೆ ನನ್ನ ಪುಸ್ತಕದಲ್ಲಿ ಅರ್ಧ ಅಂಕ ಬಂದಾಯಿತು.

ಮಿಶೆಲಿನ್ ನಕ್ಷತ್ರ ಎಣಿಸಿದರೆ ಸಾಲದಾ?

ಸಾಲದು. ಆ ನಕ್ಷತ್ರ ಎಲ್ಲಿಂದ ಬಂತು ನೋಡಿ. ಮಿಶೆಲಿನ್ ಟೈರ್ ಕಂಪನಿ. 1900ರಲ್ಲಿ ಅಣ್ಣತಮ್ಮಂದಿರಿಬ್ಬರು ಫ್ರಾನ್ಸ್‌ನ ಕಾರು ಮಾಲೀಕರಿಗೆ ಪುಕ್ಕಟೆ ಕೈಪಿಡಿ ಹಂಚಿದರು. ಜನ ಜಾಸ್ತಿ ಓಡಾಡಿದರೆ ಟೈರು ಜಾಸ್ತಿ ಸವೆಯುತ್ತದೆ, ಅಷ್ಟೇ ಲೆಕ್ಕ. 1926ರಲ್ಲಿ ಅದರಲ್ಲಿ ಒಳ್ಳೆಯ ಹೋಟೆಲ್‌ಗಳಿಗೆ ನಕ್ಷತ್ರ ಬಂತು, 1931ರಲ್ಲಿ ಒಂದು, ಎರಡು, ಮೂರು ಅಂತ ಮೆಟ್ಟಿಲು ಬಂತು. ಮೂರು ನಕ್ಷತ್ರದ ಅರ್ಥವೇ 'ಇದಕ್ಕಾಗಿ ಪ್ರಯಾಣ ಹೊರಡಬಹುದು' ಅಂತ. ಅಂದರೆ ಹೊರಗಿನಿಂದ ಬರುವವರ ಕಣ್ಣಿನಿಂದ ಕೊಟ್ಟ ಅಂಕ ಇದು. ದಿನಾ ಅಲ್ಲೇ ಉಣ್ಣುವವರ ಲೆಕ್ಕ ಬೇರೆ.

ಇನ್ನೊಂದು ತೊಡಕು ಇದೆ. ಮಿಶೆಲಿನ್ ಎಲ್ಲ ಊರಿಗೂ ಹೋಗುವುದಿಲ್ಲ. ನ್ಯೂಯಾರ್ಕ್‌ಗೆ ಹೋಗಿದ್ದು 2005ರಲ್ಲಿ, ಟೋಕಿಯೊಗೆ 2007ರಲ್ಲಿ, ಸಿಂಗಪುರಕ್ಕೆ 2016ರಲ್ಲಿ, ಮೆಕ್ಸಿಕೊಗೆ 2024ರಲ್ಲಿ. ಎಷ್ಟೋ ಕಡೆ ಪ್ರವಾಸೋದ್ಯಮ ಇಲಾಖೆಗಳು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತವೆ. ಪಟ್ಟಿಯಲ್ಲಿ ಇಲ್ಲದ ಊರು ಕೆಟ್ಟದ್ದೇನಲ್ಲ. ಅಲ್ಲಿಗೆ ಯಾರೂ ಬಂದೇ ಇಲ್ಲ, ಅಷ್ಟೇ.

ಅದಕ್ಕಿಂತ ಮಜವಾದ ಕಥೆ ಟೋಕಿಯೊದ ಸುಕಿಯಬಾಶಿ ಜಿರೊದ್ದು. ಗಿಂಜಾದ ನೆಲಮಾಳಿಗೆಯಲ್ಲಿರುವ ಹತ್ತು ಕುರ್ಚಿಯ ಸುಶಿ ಅಂಗಡಿ. ವರ್ಷಗಟ್ಟಲೆ ಮೂರು ನಕ್ಷತ್ರ ಇತ್ತು. 2019ರಲ್ಲಿ ಕೈಪಿಡಿಯಿಂದಲೇ ಹೊರಬಿತ್ತು. ರುಚಿ ಕೆಟ್ಟಿತಾ? ಇಲ್ಲ. ಸಾಮಾನ್ಯ ಜನ ಅಲ್ಲಿ ಸೀಟು ಕಾಯ್ದಿರಿಸಲು ಆಗುತ್ತಲೇ ಇರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಇಟ್ಟು ಪ್ರಯೋಜನವಿಲ್ಲ ಅಂತ ತೆಗೆದರು. ನಕ್ಷತ್ರ ಎಣಿಸುವವರು ಇಂಥ ಕಡೆ ಎಡವುತ್ತಾರೆ. ನೀವು ಒಳಗೆ ಕಾಲಿಡಲಾಗದ ಹೋಟೆಲ್ ನಿಮ್ಮ ಮಟ್ಟಿಗೆ ಊರಿನ ಊಟವೇ ಅಲ್ಲ.

ಬರೀ ಬೈಯುವುದೂ ತಪ್ಪು. 2016ರಲ್ಲಿ ಸಿಂಗಪುರದ ಎರಡು ಹಾಕರ್ ಅಂಗಡಿಗಳಿಗೆ, ಅಂದರೆ ಬೀದಿ ಊಟದ ಪುಟ್ಟ ಅಂಗಡಿಗಳಿಗೆ, ನಕ್ಷತ್ರ ಸಿಕ್ಕಿತು. 2017ರಲ್ಲಿ ಬ್ಯಾಂಕಾಕ್‌ನ ಜೇ ಫಾಯ್ ಅವರಿಗೆ ಸಿಕ್ಕಿತು. ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡು ಇದ್ದಿಲ ಬೆಂಕಿಯ ಮುಂದೆ ಏಡಿ ಆಮ್ಲೆಟ್ ಮಾಡುವ ಹಿರಿಯ ಹೆಂಗಸು ಅವರು. 2024ರಲ್ಲಿ ಮೆಕ್ಸಿಕೊ ಸಿಟಿಯ ಎಲ್ ಕಲಿಫಾ ದೆ ಲೆಯೊನ್ ಎಂಬ ನಿಂತು ತಿನ್ನುವ ಪುಟ್ಟ ಟಾಕೊ (ಸಣ್ಣ ರೊಟ್ಟಿಯಲ್ಲಿ ಮಾಂಸ ಇಟ್ಟು ಕೊಡುವ ತಿಂಡಿ) ಅಂಗಡಿಗೂ ಬಂತು. ಬಿಳಿ ಮೇಜುಬಟ್ಟೆಯ ಹಠ ಸಡಿಲವಾಗಿದೆ.

'50 ಬೆಸ್ಟ್' ಪಟ್ಟಿ?

ಒಂದು ಬ್ರಿಟಿಷ್ ಪತ್ರಿಕೆ 2002ರಲ್ಲಿ ಶುರು ಮಾಡಿದ, ಜಗತ್ತಿನ ಐವತ್ತು ಉತ್ತಮ ಹೋಟೆಲ್‌ಗಳ ಪಟ್ಟಿ ಇದು, ಮತ ಹಾಕಿ ಆರಿಸುತ್ತಾರೆ. ಈ ವರ್ಷ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯಲು ಒಳ್ಳೆಯದು. ಅದಕ್ಕಿಂತ ಹೆಚ್ಚು ಭಾರ ಹೊರಿಸಬೇಡಿ.

ಟೋಕಿಯೊಗೆ ಅಷ್ಟೊಂದು ಹೆಸರು ಯಾಕೆ?

ಅಲ್ಲಿನ ಅಡುಗೆಯವರ ಶಿಸ್ತು ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ನನಗೆ ಅಂಗಡಿಯ ಅಳತೆ ಮುಖ್ಯ ಅನಿಸುತ್ತದೆ. ಮನೆಗಳಿರುವ ಗಲ್ಲಿಯಲ್ಲೂ ಸಣ್ಣ ಅಂಗಡಿ ಇಡಲು ಅಲ್ಲಿನ ನಿಯಮದಲ್ಲಿ ಜಾಗವಿದೆ. ಎಂಟು ಕುರ್ಚಿ, ಒಬ್ಬರೋ ಇಬ್ಬರೋ ಕೆಲಸದವರು, ಒಂದೇ ಪದಾರ್ಥ. ರಾಮೆನ್ ಅಂಗಡಿಯಲ್ಲಿ ಬಾಗಿಲ ಹತ್ತಿರದ ಮೆಷಿನ್ನಿಗೆ ದುಡ್ಡು ಹಾಕಿ ಚೀಟಿ ತೆಗೆದುಕೊಂಡರೆ ಆಯಿತು, ಬಡಿಸುವವರೂ ಬೇಡ, ಕ್ಯಾಷಿಯರೂ ಬೇಡ. ಖರ್ಚು ಕಡಿಮೆ, ಹಾಗಾಗಿ ಮೂವತ್ತು ವರ್ಷ ಬರೀ ಸೋಬಾ ಎಂಬ ನೂಡಲ್ಸ್ ಮಾಡಿಕೊಂಡೇ ಬದುಕಬಹುದು. ಮೂವತ್ತು ವರ್ಷ ಒಂದನ್ನೇ ಮಾಡಿದವರ ಕೈರುಚಿ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾ?

ಇದರ ಬೇರು ಹಳೆಯದು. ಹದಿನೆಂಟನೇ ಶತಮಾನದಲ್ಲಿ ಎದೊ, ಅಂದರೆ ಈಗಿನ ಟೋಕಿಯೊ, ಸುಮಾರು ಹತ್ತು ಲಕ್ಷ ಜನರ ಊರು. ಅವರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ, ಇಲ್ಲವೇ ಮದುವೆಯೇ ಆಗದ ಗಂಡಸರು ಜಾಸ್ತಿ. ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಬೀದಿ ಗಾಡಿಗಳು ಸೋಬಾ, ತೆಂಪುರಾ, ಆಮೇಲೆ ಸುಶಿ ಮಾರಿ ಆ ಹೊಟ್ಟೆಗಳನ್ನು ತುಂಬಿಸಿದವು. ಇವತ್ತು ಉಸಿರು ಬಿಗಿಹಿಡಿದು ತಿನ್ನುವ ಸುಶಿ ಒಂದು ಕಾಲಕ್ಕೆ ಗಡಿಬಿಡಿಯ ಗಾಡಿ ತಿಂಡಿ.

ಒಂದೇ ದೇಶದ ಎರಡು ಊರುಗಳಲ್ಲಿ ಅಂಥ ವ್ಯತ್ಯಾಸ ಇರುತ್ತದಾ?

ಎರಡು ದೇಶಗಳ ನಡುವೆ ಇರುವುದಕ್ಕಿಂತಲೂ ಜಾಸ್ತಿ ಇರಬಹುದು. ಜಪಾನಿನಲ್ಲಿ ಡೊನ್‌ಬೆ ಅನ್ನುವ ಕಪ್ ಉಡಾನ್ ಸಿಗುತ್ತದೆ, ದಿಢೀರ್ ನೂಡಲ್ಸ್. ಅದರ ಕಪ್ಪಿನ ಮೇಲೆ ಸಣ್ಣದಾಗಿ 'ಇ' ಅಥವಾ 'ಡಬ್ಲ್ಯು' ಅಂತ ಅಚ್ಚಾಗಿರುತ್ತದೆ. ಪೂರ್ವಕ್ಕೆ ಒಂದು ಸಾರು, ಪಶ್ಚಿಮಕ್ಕೆ ಇನ್ನೊಂದು. ಟೋಕಿಯೊ ಕಡೆಯದು ಕಪ್ಪು, ಸೋಯಾ ಮತ್ತು ಒಣಮೀನಿನ ಗಡಸು ರುಚಿ. ಒಸಾಕಾ ಕಡೆಯದು ತಿಳಿ ಬಣ್ಣ, ಕೊಂಬು ಎಂಬ ಕಡಲಪಾಚಿಯ ಮೆತ್ತನೆಯ ರುಚಿ. ಯಾಕೆ ಅಂದರೆ ಉತ್ತರದ ಹೊಕ್ಕೈಡೊದಿಂದ ಕೊಂಬು ತುಂಬಿಕೊಂಡ ಹಡಗುಗಳು ಪಶ್ಚಿಮ ಕರಾವಳಿ ಸುತ್ತಿ ಒಸಾಕಾಗೆ ಬರುತ್ತಿದ್ದವು. ಆ ಹಡಗುಗಳ ಕಾಲ ಮುಗಿದು ನೂರು ವರ್ಷದ ಮೇಲಾಯಿತು. ಸಾರಿನ ಬಣ್ಣ ಮಾತ್ರ ಬದಲಾಗಿಲ್ಲ.

ಇಟಲಿಯಲ್ಲೂ ಹೀಗೇ. ನೇಪಲ್ಸ್‌ನ ಪಿಜ್ಜಾ ಮೆತ್ತಗೆ, ಅಂಚು ಉಬ್ಬಿರುತ್ತದೆ, ಬಿಸಿ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಅದನ್ನು ಮಾಡುವ ಕಲೆಗೆ 2017ರಲ್ಲಿ ಯುನೆಸ್ಕೊ ಮನ್ನಣೆಯೂ ಬಂತು. ರೋಮ್‌ನವರಿಗೆ ಅದು ಹಸಿ ಹಿಟ್ಟು. ಅವರಿಗೆ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ ಗರಿಗರಿ ಸುಟ್ಟದ್ದೇ ಪಿಜ್ಜಾ. 'ಇಟಲಿಯ ಊಟ ಹೇಗಿತ್ತು' ಅಂತ ಕೇಳುವವರಿಗೆ ನಾನು ಯಾವ ಊರಿನದ್ದು ಅಂತ ತಿರುಗಿ ಕೇಳುತ್ತೇನೆ. ಸುಮ್ನೆ ಕಾಲೆಳೆಯುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಬೀದಿ ಊಟ ಒಂದು ಊರಿನಲ್ಲಿ ಬೆಳೆಯುತ್ತದೆ, ಇನ್ನೊಂದರಲ್ಲಿ ಸಾಯುತ್ತದೆ. ಯಾಕೆ?

ಬಹುತೇಕ ಸಲ ಕಾರಣ ಲೈಸೆನ್ಸ್. ಹಾಂಗ್‌ಕಾಂಗ್ ಮತ್ತು ಸಿಂಗಪುರವನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಬ್ರಿಟಿಷರ ಕೈಯಲ್ಲಿದ್ದ ಬಂದರು ಊರುಗಳು, ಎರಡಕ್ಕೂ ದಕ್ಷಿಣ ಚೀನಾದ ಅಡುಗೆಯ ನಂಟು, ಎರಡರಲ್ಲೂ ಜಾಗಕ್ಕೆ ಬರ.

ಹಾಂಗ್‌ಕಾಂಗ್‌ನ ಬಯಲು ಅಂಗಡಿಗಳಿಗೆ 'ದಾಯ್ ಪಾಯ್ ದಾಂಗ್' ಅಂತ ಹೆಸರು. ಅರ್ಥ 'ದೊಡ್ಡ ಲೈಸೆನ್ಸಿನ ಅಂಗಡಿ'. ದೊಡ್ಡ ಪರವಾನಗಿ ಪತ್ರವನ್ನು ಎದ್ದು ಕಾಣುವಂತೆ ತೂಗುಹಾಕಬೇಕಿತ್ತು, ಹಾಗಾಗಿ ಆ ಹೆಸರು. ಮುಂದೆ ಸರ್ಕಾರ ಹೊಸ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿತು. ಇದ್ದದ್ದನ್ನೂ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಬಿಟ್ಟು ಬೇರೆಯವರಿಗೆ ದಾಟಿಸುವುದು ಕಷ್ಟವಾಯಿತು. ಮಕ್ಕಳಿಗೆ ಕೈರುಚಿ ಸಿಕ್ಕಿತು, ಲೈಸೆನ್ಸ್ ಸಿಗಲಿಲ್ಲ. ಈಗ ಬೆರಳೆಣಿಕೆಯಷ್ಟು ಉಳಿದಿವೆ.

ಸಿಂಗಪುರ ಬೇರೆ ದಾರಿ ಹಿಡಿಯಿತು. 1970ರ ದಶಕದ ಆರಂಭದಿಂದ 80ರ ದಶಕದ ನಡುವಿನವರೆಗೆ ಬೀದಿ ವ್ಯಾಪಾರಿಗಳನ್ನೆಲ್ಲ ಎಬ್ಬಿಸಿ ನಲ್ಲಿ ನೀರು, ಚರಂಡಿ, ಚಾವಣಿ ಇರುವ ಹಾಕರ್ ಸೆಂಟರ್‌ಗಳಿಗೆ ಸೇರಿಸಿತು. ಈಗ ಅಂಥವು ನೂರಕ್ಕೂ ಹೆಚ್ಚಿವೆ. 2020ರಲ್ಲಿ ಆ ಸಂಸ್ಕೃತಿ ಯುನೆಸ್ಕೊ ಪಟ್ಟಿ ಸೇರಿತು. ಬೀದಿಯ ಗಲಾಟೆ, ಹೊಗೆ, ಅರ್ಧರಾತ್ರಿಯ ಮಜಾ ಹೋಯಿತು ಅನ್ನುವವರಿದ್ದಾರೆ. ನಿಜ, ಬ್ಯಾಂಕಾಕ್‌ನ ಯಾವಾರತ್ ಬೀದಿಯ ರಾತ್ರಿಯ ಕಳೆ ಸಿಂಗಪುರಕ್ಕೆ ಬರುವುದಿಲ್ಲ. ಆದರೆ ಸಿಂಗಪುರದಲ್ಲಿ ಮಂಗಳವಾರ ಮಧ್ಯಾಹ್ನದ ಊಟ ಉಳಿಯಿತು. ನನಗೆ ಅದು ದೊಡ್ಡದು. ಅಲ್ಲಿನ ಚಿಂತೆ ಈಗ ಬೇರೆ. ಅಡುಗೆಯವರಿಗೆ ವಯಸ್ಸಾಗಿದೆ, ಆ ಬಿಸಿಯಲ್ಲಿ ಹನ್ನೆರಡು ಗಂಟೆ ನಿಲ್ಲಲು ಮಕ್ಕಳು ತಯಾರಿಲ್ಲ.

ಊರಿಗೆ ತನ್ನದೇ ಅಡುಗೆ ಮುಖ್ಯವಾ, ಹೊರಗಿನಿಂದ ಬಂದದ್ದು ಮುಖ್ಯವಾ?

'ತನ್ನದೇ' ಅನ್ನುವುದನ್ನು ಕೆದಕಿ ನೋಡಿ, ಒಳಗೆ ಯಾರೋ ವಲಸೆ ಬಂದವರು ಇರುತ್ತಾರೆ. ಮೆಕ್ಸಿಕೊ ಸಿಟಿಯ ಹೆಮ್ಮೆ ಟಾಕೊ ಅಲ್ ಪಾಸ್ತೊರ್. ಬುಗುರಿಯಂತೆ ತಿರುಗುವ ಮಾಂಸದಿಂದ ತೆಳ್ಳಗೆ ಕೊಯ್ದು ಕೊಡುತ್ತಾರೆ. ಅದು ಲೆಬನಾನ್ ಕಡೆಯಿಂದ ಬಂದವರ ಶವರ್ಮಾ. ಕುರಿ ಹೋಗಿ ಹಂದಿ ಬಂತು, ರೊಟ್ಟಿ ಹೋಗಿ ಮೆಕ್ಕೆಜೋಳದ ತೊರ್ತಿಯಾ ಬಂತು.

ಲಿಮಾ ಇನ್ನೂ ಚೆಂದದ ಉದಾಹರಣೆ. 1849ರಿಂದ ಪೆರುವಿಗೆ ಚೀನೀ ಕೂಲಿಗಳು ಬಂದರು, 1899ರಲ್ಲಿ ಮೊದಲ ಜಪಾನೀಯರು ಬಂದರು. ಚೀನೀ ಹೋಟೆಲ್‌ಗೆ ಅಲ್ಲಿ 'ಚೀಫಾ' ಅನ್ನುತ್ತಾರೆ, ಮೂಲದಲ್ಲಿ 'ಅನ್ನ ಉಣ್ಣು' ಅಂತ. ಜಪಾನೀ ಬೆರೆತ ಅಡುಗೆಗೆ 'ನಿಕ್ಕೆಯಿ'. ಸೆವಿಚೆ ಅಂದರೆ ಹುಳಿಯಲ್ಲಿ ನೆನೆಸಿದ ಹಸಿ ಮೀನು. ಹಿಂದೆ ಅದರ ಮೀನನ್ನು ಗಂಟೆಗಟ್ಟಲೆ ಹುಳಿಯಲ್ಲಿ ನೆನೆಸುತ್ತಿದ್ದರಂತೆ. ಹಸಿ ಮೀನಿನ ಹದ ಗೊತ್ತಿದ್ದ ಜಪಾನೀಯರ ಪ್ರಭಾವದಿಂದ ಅದು ಕೆಲವೇ ನಿಮಿಷಕ್ಕೆ ಇಳಿಯಿತು ಅನ್ನುತ್ತಾರೆ. 2023ರಲ್ಲಿ '50 ಬೆಸ್ಟ್' ಮೊದಲ ಸ್ಥಾನ ಲಿಮಾದ ಸೆಂಟ್ರಲ್ ಎಂಬ ಹೋಟೆಲ್‌ಗೆ, 2025ರಲ್ಲಿ ಅದೇ ಊರಿನ ಮಾಯಿದೊಗೆ. ಮಾಯಿದೊ ನಿಕ್ಕೆಯಿ ಹೋಟೆಲ್.

ಲಂಡನ್‌ಗೆ ಬಂದರೆ, 1810ರಲ್ಲೇ ಪಟ್ನಾ ಮೂಲದ ದೀನ್ ಮಹಮ್ಮದ್ ಅಲ್ಲಿ 'ಹಿಂದೂಸ್ತಾನಿ ಕಾಫಿ ಹೌಸ್' ತೆರೆದಿದ್ದರು. ಎರಡೇ ವರ್ಷದಲ್ಲಿ ದಿವಾಳಿ. ಕಾಲಕ್ಕಿಂತ ಮೊದಲೇ ಬಂದರು, ಪಾಪ. ಈಗ ಬ್ರಿಟನ್ನಿನ ಎಷ್ಟೋ ಹೋಟೆಲ್‌ಗಳ ಬೋರ್ಡಿನ ಮೇಲೆ 'ಇಂಡಿಯನ್' ಅಂತ ಇರುತ್ತದೆ, ಒಲೆಯ ಮುಂದೆ ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು ಇರುತ್ತಾರೆ.

ಸಾವಿರ ವರ್ಷದ ಹಿಂದೆ, ಚೀನಾದ ಸಾಂಗ್ ರಾಜರ ಕಾಲದ ಕೈಫೆಂಗ್‌ನಲ್ಲೂ ಇದೇ ಕಥೆ. ದಕ್ಷಿಣದಿಂದ ಬಂದವರಿಗೆ ಉತ್ತರದ ಊಟ ಒಗ್ಗಲಿಲ್ಲ, ಅವರಿಗೆಂದೇ ದಕ್ಷಿಣದ ಹೋಟೆಲ್‌ಗಳು ತೆರೆದವು. ಪ್ಯಾರಿಸ್ಸಿನಲ್ಲಿ 'ರೆಸ್ಟೋರೆಂಟ್' ಅನ್ನುವ ಮಾತು ಚಾಲ್ತಿಗೆ ಬಂದಿದ್ದು ಅದಕ್ಕಿಂತ ಎಷ್ಟೋ ತಡವಾಗಿ, ಹದಿನೆಂಟನೇ ಶತಮಾನದಲ್ಲಿ. ಅದೂ ಮೊದಲಿಗೆ ಶಕ್ತಿ ಕೊಡುವ ಸಾರಿನ ಹೆಸರಾಗಿತ್ತು.

ಒಳ್ಳೆಯ ಊಟದ ಊರು ಅಂದಿದ್ದರು, ನನಗೆ ಏನೂ ಸಿಗಲಿಲ್ಲ. ಯಾಕೆ?

ಬಹುಶಃ ಹೊತ್ತು ತಪ್ಪಿ ಹೋಗಿದ್ದೀರಿ. ಮ್ಯಾಡ್ರಿಡ್‌ನಲ್ಲಿ ಸಂಜೆ ಏಳಕ್ಕೆ ಊಟ ಕೇಳಿದರೆ ಅಡುಗೆಮನೆಯೇ ತೆರೆದಿರುವುದಿಲ್ಲ. ಅಲ್ಲಿ ರಾತ್ರಿಯೂಟ ಒಂಬತ್ತಕ್ಕೆ, ಹತ್ತಕ್ಕೆ. ಇದಕ್ಕೆ ಗಡಿಯಾರವೂ ಒಂದು ಕಾರಣ. ಸ್ಪೇನ್ ಇರುವುದು ಲಂಡನ್‌ನ ನೇರಕ್ಕೆ. ಆದರೆ 1940ರಲ್ಲಿ ಅಲ್ಲಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಬರ್ಲಿನ್ ಹೊತ್ತಿಗೆ ತಿರುಗಿಸಿತು. ಮತ್ತೆ ಹಿಂದಕ್ಕೆ ತಿರುಗಿಸಲೇ ಇಲ್ಲ.

ಲಿಮಾದಲ್ಲಿ ಸೆವಿಚೆ ಮಧ್ಯಾಹ್ನದ ಪದಾರ್ಥ. ಬೆಳಗಿನ ಮೀನು, ಮಧ್ಯಾಹ್ನದ ತಟ್ಟೆ. ಎಷ್ಟೋ ಸೆವಿಚೆ ಅಂಗಡಿಗಳು ಸಂಜೆಗೆ ಬಾಗಿಲು ಎಳೆದಿರುತ್ತವೆ. ಮೆಕ್ಸಿಕೊ ಸಿಟಿಯಲ್ಲಿ ದಿನದ ದೊಡ್ಡ ಊಟ ಎರಡರಿಂದ ನಾಲ್ಕರ ನಡುವೆ, ಅಲ್ ಪಾಸ್ತೊರ್ ರಾತ್ರಿಯ ಸಂಗತಿ. ಎರಡು ಊರನ್ನು ಹೋಲಿಸುವಾಗ ಒಂದೇ ಹೊತ್ತಿನಲ್ಲಿ ಹೋಲಿಸಬೇಡಿ, ಆಯಾ ಊರಿನ ಹಸಿವಿನ ಹೊತ್ತಿನಲ್ಲಿ ಹೋಲಿಸಿ.

ಸಣ್ಣ ಊರುಗಳು ಗೆಲ್ಲುವುದುಂಟಾ?

ಸ್ಪೇನ್‌ನ ಸಾನ್ ಸೆಬಾಸ್ಟಿಯನ್ ನೋಡಿ. ಎರಡು ಲಕ್ಷವೂ ಇಲ್ಲದ ಜನ, ಮೂರು ನಕ್ಷತ್ರದ ಹೋಟೆಲ್‌ಗಳು ಒಂದಕ್ಕಿಂತ ಹೆಚ್ಚು. ಅಲ್ಲಿನ ಅರ್ಜಾಕ್ ಹೋಟೆಲ್‌ಗೆ 1989ರಿಂದಲೂ ಮೂರು ನಕ್ಷತ್ರ. ಅದಕ್ಕಿಂತ ನನಗಿಷ್ಟ ಹಳೆ ಪೇಟೆಯ ಪಿಂಚೊ (ಒಂದೆರಡು ತುತ್ತಿನ ತಿನಿಸು) ಬಾರ್‌ಗಳು. ಒಂದು ಕಡೆ ಒಂದೇ ತುಂಡು ತಿಂದು ಮುಂದಿನ ಬಾರ್‌ಗೆ ನಡೆಯುವುದು ಅಲ್ಲಿನ ರೂಢಿ. ಹಾಗಾಗಿ ಪ್ರತಿ ಬಾರ್ ಕೂಡ ತನ್ನದೇ ಒಂದು ಐಟಂ ಚೆನ್ನಾಗಿ ಮಾಡಲೇಬೇಕು.

ಫ್ರಾನ್ಸ್‌ನ ಲಿಯಾನ್ ಕೂಡ ಹಾಗೇ. ಅಲ್ಲಿನ ಹೆಸರು ಕಟ್ಟಿದವರು ಹೆಂಗಸರು. ಸಿರಿವಂತರ ಮನೆಯ ಅಡುಗೆ ಬಿಟ್ಟು ತಮ್ಮದೇ ಹೋಟೆಲ್ ಹಾಕಿದ 'ಲಿಯಾನ್‌ನ ತಾಯಂದಿರು'. ಅವರಲ್ಲಿ ಯೂಜಿನಿ ಬ್ರಾಜಿಯೆ 1933ರಲ್ಲಿ ತಮ್ಮ ಎರಡೂ ಹೋಟೆಲ್‌ಗಳಿಗೆ ಮೂರು ಮೂರು ನಕ್ಷತ್ರ ಪಡೆದರು. ಅದಕ್ಕೂ ಮೊದಲು ಗಂಡಸು ಹೆಂಗಸು ಯಾರಿಗೂ ಅದು ಆಗಿರಲಿಲ್ಲ. ಮುಂದೆ ಜಗತ್ತಿಗೇ ಹೆಸರಾದ ಅಡುಗೆಯವರು ಪಾಲ್ ಬೊಕ್ಯೂಸ್ ಕಲಿತಿದ್ದು ಅವರ ಅಡುಗೆಮನೆಯಲ್ಲೇ.

ಹೆಸರಿಲ್ಲದ ಊರು ಹೆಸರು ಮಾಡಲು ಎಷ್ಟು ಕಾಲ ಬೇಕು?

ಹತ್ತು ವರ್ಷ ಸಾಕು. ಕೋಪನ್‌ಹೇಗನ್‌ನಲ್ಲಿ ನೊಮಾ ಎಂಬ ಹೋಟೆಲ್ ತೆರೆದಿದ್ದು 2003ರಲ್ಲಿ. ಮರುವರ್ಷ ಉತ್ತರ ಯುರೋಪಿನ ಅಡುಗೆಯವರು ಸೇರಿ ತಮ್ಮ ನೆಲದ್ದನ್ನೇ ಬೇಯಿಸುತ್ತೇವೆ ಅಂತ ಪ್ರಣಾಳಿಕೆ ಬರೆದರು. 2010ಕ್ಕೆ ನೊಮಾ '50 ಬೆಸ್ಟ್' ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಆದರೆ ಹೆಸರು ಬಂದಷ್ಟು ಬೇಗ ಮಂಗಳವಾರದ ಊಟ ಸುಧಾರಿಸುವುದಿಲ್ಲ.

ಸಸ್ಯಾಹಾರಿಗಳಿಗೆ ಯಾವ ಊರು?

ಇಲ್ಲಿ ನನ್ನ ಪಟ್ಟಿ ತಲೆಕೆಳಗಾಗುತ್ತದೆ. ಟೋಕಿಯೊ ಕೆಳಕ್ಕಿಳಿಯುತ್ತದೆ. ಬರೀ ತರಕಾರಿ ಕಂಡರೂ ಸಾರಿನಲ್ಲಿ ಒಣಮೀನು ಇರುತ್ತದೆ. ಬ್ಯಾಂಕಾಕ್‌ನಲ್ಲಿ ಮೀನಿನ ಸಾಸ್ ಎಲ್ಲ ಕಡೆ ನುಸುಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ', ಅಂದರೆ ಶುದ್ಧ ಸಸ್ಯಾಹಾರ, ಅಂತ ಬರೆದ ಅಂಗಡಿ ಹುಡುಕಬೇಕು.

ತೈವಾನಿನ ತೈಪೆ ಮೇಲಕ್ಕೇರುತ್ತದೆ. ಬೌದ್ಧರ ಸಸ್ಯಾಹಾರಿ ಬಫೆಗಳು ಅಲ್ಲಿ ಬೇಕಾದಷ್ಟು, ಬಡಿಸಿಕೊಂಡು ತೂಕ ಹಾಕಿಸಿದರೆ ಆಯಿತು. ಹಲವು ಕಡೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಯಾರೂ ಊಹಿಸದ ಊರು ಅಂದರೆ ಅಡಿಸ್ ಅಬಾಬಾ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಜೊತೆಗೆ ಈಸ್ಟರ್‌ಗೆ ಮುಂಚಿನ ಉದ್ದನೆಯ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಅವತ್ತು ಇಂಜೆರಾ ಎಂಬ ದೊಡ್ಡ ಹುಳಿದೋಸೆಯಂಥ ರೊಟ್ಟಿಯ ಮೇಲೆ ಬೇಳೆ, ಸೊಪ್ಪು, ಬೀಟ್‌ರೂಟ್, ಕೋಸು ಗುಡ್ಡೆಗುಡ್ಡೆಯಾಗಿ ಬರುತ್ತವೆ. 'ಉಪವಾಸದ ಊಟ' ಅಂತ ಕೇಳಿದರೆ ಸಾಕು, ವಿವರಿಸುವ ಗೋಳಿಲ್ಲ.

ಆನ್‌ಲೈನ್ ರೇಟಿಂಗ್ ಹೋಲಿಸಬಹುದಾ?

ಒಂದೇ ಊರಿನೊಳಗೆ ಹೋಲಿಸಬಹುದು. ಊರಿಂದ ಊರಿಗೆ ಬೇಡ. ಜಪಾನಿನ ತಾಬೆಲೊಗ್ ತಾಣದಲ್ಲಿ ಐದಕ್ಕೆ ಮೂರೂವರೆ ಬಂದರೆ ಅದು ಒಳ್ಳೆಯ ಹೋಟೆಲ್. ಅದೇ ಮೂರೂವರೆ ಬೇರೆ ಎಷ್ಟೋ ಕಡೆ 'ಹೋಗಬೇಡಿ' ಅನ್ನುವುದಕ್ಕೆ ಸಮ.

ದರ ಹೋಲಿಸುವಾಗ ಏನು ನೋಡಬೇಕು?

ಬಿಲ್ಲಿನ ಕೊನೆಯ ಸಾಲು. ನ್ಯೂಯಾರ್ಕ್‌ನಲ್ಲಿ ಮೆನುವಿನ ದರದ ಮೇಲೆ ತೆರಿಗೆ, ಅದರ ಮೇಲೆ ಶೇಕಡ 18-20 ಟಿಪ್ಸ್. ಪ್ಯಾರಿಸ್‌ನಲ್ಲಿ ಸೇವೆಯ ದುಡ್ಡು ದರದೊಳಗೇ ಇರುತ್ತದೆ. ಟೋಕಿಯೊದಲ್ಲಿ ಟಿಪ್ಸ್ ಬಿಟ್ಟು ಬಂದರೆ ಮರೆತು ಹೋದಿರಿ ಅಂತ ಹಿಂದೆ ಓಡಿಬಂದು ಕೊಟ್ಟರೂ ಆಶ್ಚರ್ಯವಿಲ್ಲ.

ನಮ್ಮೂರನ್ನು ಯಾಕೆ ಸೇರಿಸಿಲ್ಲ?

ಅವರವರ ಊರನ್ನು ಅವರವರು ಅಳೆಯಲು ಆಗುವುದಿಲ್ಲ, ಅಲ್ವಾ? ಅಮ್ಮನ ಅಡುಗೆಗೆ ಅಂಕ ಹಾಕಿದ ಹಾಗೆ ಆಗುತ್ತದೆ.

ಎರಡೇ ದಿನ ಇದ್ದರೆ ಒಂದು ಊರನ್ನು ನೋಡುವುದು ಹೇಗೆ?

ಬೆಳಿಗ್ಗೆ ಬೇಗ ಎದ್ದು ತರಕಾರಿ, ಮೀನಿನ ಮಾರುಕಟ್ಟೆಗೆ ಹೋಗಿ. ಅಲ್ಲಿನ ಕೂಲಿಯವರು ತಿಂಡಿ ತಿನ್ನುವ ಕಡೆ ತಿನ್ನಿ. ಮಧ್ಯಾಹ್ನ ಕಚೇರಿಗಳಿರುವ ಬೀದಿಯಲ್ಲಿ ಸಾಲು ಎಲ್ಲಿದೆ ನೋಡಿ ನಿಂತುಕೊಳ್ಳಿ. ಸಂಜೆ ನಡು ಊರು ಬಿಟ್ಟು ವಲಸೆ ಬಂದವರ ಬಡಾವಣೆಗೆ ಹೋಗಿ. ನ್ಯೂಯಾರ್ಕ್ ಅಂದರೆ ಮ್ಯಾನ್‌ಹಟನ್ ಬಿಟ್ಟು ಕ್ವೀನ್ಸ್‌ನ ಫ್ಲಶಿಂಗ್, ಜಾಕ್ಸನ್ ಹೈಟ್ಸ್. ಲಾಸ್ ಏಂಜಲಿಸ್‌ನಲ್ಲಾದರೆ ಲಾಂಡ್ರಿಗೂ ಮೊಬೈಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಪುಟ್ಟ ಹೋಟೆಲ್‌ಗಳು. ಅಂಥವುಗಳ ಬಗ್ಗೆ ಬರೆದೇ ಜೊನಾಥನ್ ಗೋಲ್ಡ್ 2007ರಲ್ಲಿ ಪತ್ರಕರ್ತರಿಗೆ ಕೊಡುವ ಪುಲಿಟ್ಜರ್ ಪ್ರಶಸ್ತಿ ಪಡೆದರು. ಹೋಟೆಲ್ ವಿಮರ್ಶಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಒಂದು ಎಚ್ಚರಿಕೆ ಮಾತ್ರ ಇರಲಿ. ಆ ಎರಡು ದಿನ ಭಾನುವಾರ ಸೋಮವಾರ ಆಗದಂತೆ ನೋಡಿಕೊಳ್ಳಿ. ಪ್ಯಾರಿಸ್, ಲಿಯಾನ್, ಸಾನ್ ಸೆಬಾಸ್ಟಿಯನ್‌ಗಳಲ್ಲಿ ಎಷ್ಟೋ ಒಳ್ಳೆಯ ಅಡುಗೆಮನೆಗಳಿಗೆ ಅವೇ ರಜೆಯ ದಿನ. ನಾನು ಮಂಗಳವಾರ ಅಂದಿದ್ದಕ್ಕೆ ಇದೂ ಒಂದು ಕಾರಣ.